ಬಲಗೈಗೆ ಬಂದ ಲಿಂಗ

ಗಾಜು ಕತ್ತರಿಸಿ ಕತ್ತರಿಸಿ ನನ್ನ ಬೆರಳ ತುದಿಗಳು ಜಡ್ಡುಗಟ್ಟಿವೆ. ಗೋಡೆಗೆ ಗಾಜಿನ ಚೂರು ಕೂರಿಸಿ ಚಿತ್ರ ಮಾಡುವುದು ನನ್ನ ಕೆಲಸ. ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸು, ಸಂಜೆ ವಾಪಸು, ನಡುವೆ ಇಡೀ ದಿನ ಮೊಣಕಾಲೂರಿ ಕೂರುವುದು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಆದರೂ ಅಲ್ಲಿನ ಇನ್ನೊಂದು ಮನೆಯ ಕೆಲಸ ಒಪ್ಪಿಕೊಂಡೆ.

ಆ ಮನೆಯ ಯಜಮಾನರು ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ನಡೆಸಿದ ಹಿರಿಯರು; ನಾನು ಕಾಕಾ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದರು. ಕಾಕಾರ ಕಣ್ಣಿನ ನರ ಒಣಗುತ್ತಿತ್ತು, ನೋಟ ಉಳಿಯುವುದು ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ದೇವರ ಕೋಣೆಯ ಗೋಡೆಯ ಮೇಲೆ ಹೆಂಡತಿ ಲಿಂಗಪೂಜೆಗೆ ಕೂತ ಚಿತ್ರ ನೋಡಬೇಕೆಂಬುದೊಂದೇ ಅವರ ಆಸೆ. ಬಣ್ಣದ ಚಿತ್ರವಾದರೆ ಮಬ್ಬು, ಗಾಜಾದರೆ ಮಿಂಚಿ ಕಣ್ಣಿಗೆ ಸಿಗುತ್ತದೆ ಎಂದು ಅವರೇ ಯೋಚಿಸಿದ್ದರು. ಅದಕ್ಕೇ ನಾನು ಎನಾಮೆಲ್ ಗಾಜು ತರಿಸಿದೆ. ಅದು ಕಿಟಕಿಯ ಗಾಜಿನಂತಲ್ಲ. ಬಣ್ಣ ಒಳಗಿನವರೆಗೂ ಗಟ್ಟಿ, ಬೆಳಕು ಆಚೆ ಹಾಯದೆ ಮೇಲೆಯೇ ಹೊಳೆಯುತ್ತದೆ.

ಈ ಕೆಲಸದಲ್ಲಿ ಚಿತ್ರವನ್ನು ಮೊದಲು ಕಾಗದದ ಮೇಲೆ ಎಡಬಲ ತಿರುಗಿಸಿ ಬರೆಯಬೇಕು. ಅದರ ಮೇಲೆ ಚೂರುಗಳನ್ನು ಮೈದಾ ಅಂಟಿನಿಂದ ಮುಖ ಕೆಳಗಾಗಿ ಅಂಟಿಸಿ, ಹಸಿ ಸಿಮೆಂಟಿಗೆ ಒತ್ತಬೇಕು. ಗಟ್ಟಿಯಾದ ಮೇಲೆ ಕಾಗದ ನೆನೆಸಿ ಸುಲಿದರೆ ಚಿತ್ರ ನೆಟ್ಟಗೆ ಕಾಣುತ್ತದೆ. ಎಷ್ಟು ವರ್ಷ ಮಾಡಿದ ಕೆಲಸ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಾಕಾ ಕೊಟ್ಟ ಹೆಂಡತಿಯ ಫೋಟೋ ಹೇಗಿತ್ತೋ ಹಾಗೇ, ತಿರುಗಿಸದೆ ಬರೆದುಬಿಟ್ಟಿದ್ದೆ.

ಕಾಗದ ಸುಲಿದ ದಿನ ನೋಡಿದರೆ ಲಿಂಗ ಬಲ ಅಂಗೈಯಲ್ಲಿತ್ತು. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವವಳು ನಾನು. ಎರಡು ತಿಂಗಳು ಚೂರು ಅಂಟಿಸಿಯೂ, ಕಾಗದದಲ್ಲಿ ಎಡಗೈ ಕಂಡರೆ ಗೋಡೆಯಲ್ಲಿ ಬಲಗೈ ಆಗುತ್ತದೆಂದು ಹೊಳೆದಿರಲಿಲ್ಲ. ಕಾಕಾ ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದರು. ಅವರ ಸೊಸೆ ಒಳಗೆ ಬಂದು ನೋಡಿದಳು. ಮಾವನವರಿಗೆ ಮುಖ ಕಂಡರೆ ಸಾಕು, ಕೈ ಯಾರು ನೋಡುತ್ತಾರೆ, ಸುಮ್ಮನಿರಿ ಅಕ್ಕಾ ಅಂದಳು. ಸುಮ್ಮನಿದ್ದುಬಿಡಲು ನನಗೂ ಆಸೆಯಾಯಿತು, ಖರೇ ಹೇಳುತ್ತೇನೆ, ಅಷ್ಟು ದಣಿದಿದ್ದೆ. ಆದರೆ ಮನಸ್ಸು ಒಪ್ಪಲಿಲ್ಲ. ಹೊರಗೆ ಹೋಗಿ ಹೇಳಿಬಿಟ್ಟೆ.

ಕಾಕಾ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎದ್ದು ಬಾಗಿಲವರೆಗೆ ಬಂದವರು ಮುಖ ಆಚೆ ತಿರುಗಿಸಿದರು.

"ಉಲ್ಟಾ ಇದ್ದದ್ದು ನೋಡಂಗಿಲ್ಲ ತಾಯಿ. ಕಣ್ಣಾಗ ಅದೇ ಕುಂತುಬಿಡ್ತದ. ಸರಿ ಮಾಡ್ರಿ, ನಾ ಕಾಯ್ತೀನಿ."

ಗಟ್ಟಿಯಾದ ಸಿಮೆಂಟಿನಿಂದ ಗಾಜು ಇಡಿಯಾಗಿ ಬರುವುದಿಲ್ಲ. ಉಳಿ ಹಿಡಿದು ಕೆತ್ತಿದೆ, ಮುಖವೂ ಪುಡಿಯಾಯಿತು. ಮೈಬಣ್ಣದ ಗಾಜು ಮುಗಿದುಹೋಗಿತ್ತು. ಮತ್ತೆ ತರಿಸಿದ್ದು ಇವತ್ತು ನಾಳೆ ಅನ್ನುತ್ತ ವಾರಗಟ್ಟಲೆ ತಡವಾಯಿತು. ಪ್ರತಿ ಸಲ ಹೋದಾಗಲೂ ಕಾಕಾ ಮೊದಲಿಗಿಂತ ಹೆಚ್ಚು ಗೋಡೆ ಹಿಡಿದು ನಡೆಯುವುದು ಕಾಣುತ್ತಿತ್ತು.

ಎರಡನೇ ಸಲ ಕಾಗದ ಸುಲಿದಾಗ ಎಲ್ಲ ನೆಟ್ಟಗಿತ್ತು. ಸೊಸೆ ಅವರನ್ನು ಕೈಹಿಡಿದು ಕರೆತಂದಳು. ಹೊಳೆಯುವ ಗೋಡೆಯ ಎದುರು ನಿಂತು ಅವರು ಬೆರಳಿನಿಂದ ತಡವಿದರು. ಸೆರಗು, ತೋಳು, ಎಡ ಅಂಗೈ, ಅದರಲ್ಲಿ ಲಿಂಗ. ಸರಿಯಿದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಬೆರಳು ಮುಖಕ್ಕೆ ಹೋಗಿ ತುಟಿಯ ಮೇಲೆ ನಿಂತಿತು.

"ನಗಾಕತ್ತಾಳೇನ್ರಿ ತಾಯಿ?"

ಫೋಟೋದಲ್ಲಿ ಅವರ ಹೆಂಡತಿ ನಗುತ್ತಿರಲಿಲ್ಲ, ನಾನೂ ನಗಿಸಿರಲಿಲ್ಲ.

"ಹೌದ್ರಿ ಕಾಕಾ," ಅಂದೆ.