ಚಪ್ಪಲಿ ಸಾಲಿನ ಡಾಕ್ಟರು

ಲೀಸೆಲ್ ಮಕರಾಯೆಗ್‌ಗೆ ಖುಷಿಯಾದರೆ ಊಟ ಮರೆತುಹೋಗುತ್ತದೆ. ಕಾಲೇಜು ಸೇರಿದ ಮೇಲೆ ಅವಳು ವಾರಕ್ಕೆ ನಾಲ್ಕು ಸಲವಾದರೂ ಊಟ ಮರೆಯುತ್ತಿದ್ದಳು ಎಂದರೆ ಅವಳು ಏನು ಓದುತ್ತಿದ್ದಳೋ ಅದನ್ನು ಎಷ್ಟು ಪ್ರೀತಿಸುತ್ತಿದ್ದಳು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಮನಿಲಾದ ಆ ಕಾಲೇಜಿನಲ್ಲಿ ಐದು ವರ್ಷಕ್ಕೆ ಎರಡು ಪದವಿ. ಬೆಳಿಗ್ಗೆ ಬಿಳಿ ಕೋಟು ತೊಟ್ಟು ಹೆಣ ಕೊಯ್ಯುವುದು, ಮಧ್ಯಾಹ್ನ ಅದೇ ಕೋಟನ್ನು ಚೀಲಕ್ಕೆ ತುರುಕಿ ವ್ಯವಹಾರ ಶಾಸ್ತ್ರದ ತರಗತಿಗೆ ಓಡುವುದು. ಒಂದು ಕಡೆ ಮೂತ್ರಪಿಂಡ, ಇನ್ನೊಂದು ಕಡೆ ಮಾರುಕಟ್ಟೆ.

ನೆಂಟರಿಷ್ಟರಿಗೆ ಇದು ಅರ್ಥವಾಗಲಿಲ್ಲ. ತಂಗಿಯ ಮಗುವಿನ ನಾಮಕರಣದ ಊಟದಲ್ಲಿ, ಸುಟ್ಟ ಹಂದಿಯ ಗರಿಗರಿ ಚರ್ಮ ಅಗಿಯುತ್ತಾ ಅವಳ ಸೋದರಮಾವ ಎಲ್ಲರೆದುರು ಕೇಳಿಯೇಬಿಟ್ಟ: “ಏನಮ್ಮಾ ಲೀಸೆಲ್, ಒಂದು ಕೈಲಿ ಸೂಜಿ ಚುಚ್ಚೋದು, ಇನ್ನೊಂದು ಕೈಲಿ ಜೇಬು ಕತ್ತರಿಸೋದು, ಎರಡನ್ನೂ ಒಟ್ಟಿಗೇ ಹೇಳಿಕೊಡ್ತಾರಂತಾ?”

“ಹೂಂ ಮಾವ. ನಿಮ್ಮ ಜೇಬಿಂದ್ಲೇ ಪರೀಕ್ಷೆ” ಎಂದಳು ಲೀಸೆಲ್. ಮಾವ ಆ ದಿನವೆಲ್ಲ ಜೇಬು ಮುಟ್ಟಿಕೊಂಡು ನಗುತ್ತಿದ್ದ.

ತಮಾಷೆಗೆ ಉತ್ತರ ಕೊಟ್ಟರೂ ಎರಡನ್ನೂ ಓದಲು ಅವಳಿಗೆ ಕಾರಣವಿತ್ತು. ಪಂಗಸಿನಾನಿನ ಅವಳ ಊರಲ್ಲಿ ಅವಳ ಅಮ್ಮ ಸೂಲಗಿತ್ತಿ ನರ್ಸು. ಮೂರು ಹಾಸಿಗೆಯ ಹೆರಿಗೆ ಮನೆಯನ್ನು ಹದಿನೆಂಟು ವರ್ಷ ನೋಡಿಕೊಂಡವಳು. ಅಮ್ಮನ ಕೈ ಚಿನ್ನದ ಕೈ ಎಂದು ಊರೇ ಹೇಳುತ್ತಿತ್ತು. ಆದರೆ ಕೈಗವಸು ಬಂದ ತಿಂಗಳು ಹೊಲಿಗೆ ದಾರ ಇಲ್ಲ, ದಾರ ಬಂದ ತಿಂಗಳು ನಲ್ಲಿಯಲ್ಲಿ ನೀರಿಲ್ಲ. ಕಡೆಗೊಂದು ದಿನ ಬಾಗಿಲಿಗೆ ಬೀಗ ಬಿತ್ತು. ಚಿನ್ನದ ಕೈ ಒಂದೇ ಸಾಲದು, ಆಸ್ಪತ್ರೆ ನಡೆಸುವ ಬುದ್ಧಿಯೂ ಬೇಕು ಎಂದು ಲೀಸೆಲ್‌ಗೆ ಹದಿನೈದನೆಯ ವಯಸ್ಸಿನಲ್ಲೇ ಗೊತ್ತಾಯಿತು. ಅವಳಿಗೆ ಎರಡೂ ಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ ಎಂದರೆ ಅವಳಿಗೆ ಅಳು ಬರುತ್ತಿತ್ತು.

ಆ ಮಾತು ಐದನೆಯ ವರ್ಷ ನಿಜವಾಗಿ ಎದುರಿಗೆ ಬಂದು ನಿಂತಿತು. ಕೊನೆಯ ಕೆಲಸ ಅಂತ ಒಂದಿರುತ್ತದೆ: ಯಾವುದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಆರು ವಾರ ಇದ್ದು ಏನಾದರೂ ಒಂದನ್ನು ಸುಧಾರಿಸಿ ತೋರಿಸಬೇಕು. ವೈದ್ಯಕೀಯದ ಡಾಕ್ಟರ್ ಕಿಂತೋಸ್ ಒಪ್ಪಿ ಸಹಿ ಹಾಕಬೇಕು, ವ್ಯವಹಾರದ ಲಕ್ಸಮಾನಾ ಸಾರ್ ಕೂಡ ಒಪ್ಪಿ ಸಹಿ ಹಾಕಬೇಕು. ಒಬ್ಬರು ಒಲ್ಲೆ ಎಂದರೂ ಎರಡನೆಯ ಪದವಿ ಇಲ್ಲ, ಬರೀ ಡಾಕ್ಟರಾಗಿ ಮನೆಗೆ ಹೋಗಬಹುದು. ಬರೀ ಡಾಕ್ಟರು. ಬೇರೆಯವರ ಮನೆಯಲ್ಲಿ ಇದನ್ನು ಕೇಳಿದರೆ ಸಿಹಿ ಹಂಚುತ್ತಾರೆ.

ಲೀಸೆಲ್‌ಗೆ ಸಿಕ್ಕಿದ್ದು ನದಿಯಾಚೆಯ ಒಂದು ಆಸ್ಪತ್ರೆ. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಜೀಪ್ನಿ ಎಂಬ ಬಾಡಿಗೆ ಜೀಪು ಇಳಿದವಳಿಗೆ ಕಂಡಿದ್ದು ಜನರಲ್ಲ, ಚಪ್ಪಲಿಗಳು. ಹೊರರೋಗಿಗಳ ಬಾಗಿಲಿನಿಂದ ಹಿಡಿದು ಗೇಟಿನ ಬಾದಾಮಿ ಮರದವರೆಗೆ ಒಂದರ ಹಿಂದೆ ಒಂದು ಅರವತ್ತು ಜೊತೆ ಹವಾಯಿ ಚಪ್ಪಲಿ. ಅವುಗಳ ಒಡೆಯರು ಬರಿಗಾಲಲ್ಲಿ ಗೇಟಿನ ಪಕ್ಕದ ಚೋಲೆಂಗಜ್ಜಿ ಎಂಬ ಮುದುಕಿಯ ಗಂಜಿ ಅಂಗಡಿಯ ಬೆಂಚಿನ ಮೇಲೆ ಶುಂಠಿ ಗಂಜಿ ಊದಿ ಊದಿ ಕುಡಿಯುತ್ತಿದ್ದರು. ಡಾಕ್ಟರು ದಿನಕ್ಕೆ ನೋಡುವುದು ನಲವತ್ತು ಜನರನ್ನು. ನಲವತ್ತನೆಯ ಚಪ್ಪಲಿಯ ಆಚೆಗಿದ್ದವರು ನಾಳೆ ಬರಬೇಕು. ಮೊದಲ ಚಪ್ಪಲಿ ಬೆಳಗಿನ ಜಾವ ಮೂರೂವರೆಗೇ ಬೀಳುತ್ತಿತ್ತು.

“ಮೂರೂವರೆಗೆ ಬಂದು ಸಾಲು ಹಿಡಿಯೋದಾ? ಎಷ್ಟು ದಂಡ” ಎಂದು ಲೀಸೆಲ್ ಪುಸ್ತಕ ತೆಗೆದಳು. ಮೂರೇ ದಿನದಲ್ಲಿ ಅವಳ ಯೋಜನೆ ಸಿದ್ಧ: ಮೊಬೈಲಿಗೆ ಸಂದೇಶ, ಸಂದೇಶದಲ್ಲಿ ಗಂಟೆ, ಆ ಗಂಟೆಗೆ ಬಂದರೆ ಸಾಕು. ಆ ರಾತ್ರಿ ಅವಳು ಊಟ ಮರೆತಳು ಎಂದು ಬೇರೆ ಹೇಳಬೇಕಿಲ್ಲ.

ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದಂತಾಯಿತು. ಹತ್ತು ಗಂಟೆಗೆ ಬಾ ಎಂಬ ಸಂದೇಶ ಸಿಕ್ಕವರೂ ಮೂರೂವರೆಗೇ ಬಂದು ಚಪ್ಪಲಿ ಇಟ್ಟರು. ಮೊಬೈಲು ನಂಬಿ ಹತ್ತಕ್ಕೆ ಬಂದ ಇಬ್ಬರು ಶಿಕ್ಷಕಿಯರಿಗೂ ಚಪ್ಪಲಿಯವರಿಗೂ ಬಾಗಿಲಲ್ಲೇ ಜಗಳವಾಯಿತು. ಯಾರೋ ಯಾರದೋ ಚಪ್ಪಲಿಯನ್ನು ಮರದ ಮೇಲೆ ಎಸೆದರು. ಎರಡನೆಯ ವಾರದ ಗುರುವಾರದ ಹೊತ್ತಿಗೆ ಯೋಜನೆ ಸತ್ತಿತ್ತು.

ಅಂದು ಅವಳು ಗಂಜಿ ಅಂಗಡಿಯಲ್ಲಿ ಮುಖ ಸಣ್ಣಗೆ ಮಾಡಿ ಕೂತಿದ್ದಾಗ ಚೋಲೆಂಗಜ್ಜಿ ಅವಳ ಬಟ್ಟಲಿಗೆ ಕೇಳದೆಯೇ ಒಂದು ಮೊಟ್ಟೆ ಹಾಕಿದಳು. ಎಪ್ಪತ್ತರ ಹೆಂಗಸು, ಕೈಯಲ್ಲಿ ಸೌಟು, ಬಾಯಲ್ಲಿ ಚಾಟಿ.

“ತಿನ್ನು ಮಗಳೇ. ಸೋತವರಿಗೆ ಹಸಿವು ಜಾಸ್ತಿ.”

“ಸೋತಿಲ್ಲ ಅಜ್ಜಿ. ಇನ್ನೂ ನಾಲ್ಕು ವಾರ ಇದೆ.”

“ಹಂಗಾದ್ರೆ ಮೊಟ್ಟೆ ವಾಪಸ್ ಕೊಡು.”

ಲೀಸೆಲ್ ನಕ್ಕಳು. ಆಮೇಲೆ ನಿಜವಾಗಿಯೂ ಕೇಳಿದಳು: “ಯಾಕಜ್ಜಿ ನಂಬಲ್ಲ? ಗಂಟೆ ಬರೆದು ಕೊಟ್ರೂ ನಂಬಲ್ಲ ಅಂದ್ರೆ?”

“ಚಪ್ಪಲಿ ಕಣ್ಣಿಗೆ ಕಾಣ್ಸುತ್ತೆ. ನಿನ್ನ ಗಂಟೆ ಎಲ್ಲಿ ಕಾಣ್ಸುತ್ತೆ? ನಂಗಿಂತ ಮುಂಚೆ ಯಾರು ಬಂದ್ರು, ಹಿಂದೆ ಯಾರು ಬಂದ್ರು, ಎಲ್ಲಾ ನೆಲದ ಮೇಲೆ ಬರ್ದಿದೆ. ಮೇಯರ್ ಮಗನೂ ಇದನ್ನ ಅಳ್ಸಕ್ಕಾಗಲ್ಲ.” ಅಜ್ಜಿ ಸೌಟಿನಿಂದ ಸಾಲಿನ ತುದಿ ತೋರಿಸಿದಳು. “ಆದ್ರೆ ಪಾಪ, ಆ ನಾರ್ದೋಗೆ ಮೂರು ದಿನದಿಂದ ಡಾಕ್ಟ್ರು ಸಿಕ್ತಿಲ್ಲ. ಸೈಕಲ್ ರಿಕ್ಷಾದವ್ನು. ಬೇಗ ನಡ್ಯಕ್ಕಾಗಲ್ಲ, ಬಂದಾಗ ನಲವತ್ತೂ ಮುಗ್ದಿರುತ್ತೆ.”

ಲೀಸೆಲ್ ಹೋಗಿ ನೋಡಿದಳು. ನಲವತ್ಮೂರನೆಯ ಜಾಗದಲ್ಲಿ ಒಂದು ಜೊತೆ ನೀಲಿ ಚಪ್ಪಲಿ. ಎಡಗಾಲಿನ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದು ಅಗಲ ಮಾಡಲಾಗಿತ್ತು. ಅದು ಕಾಲಿನಿಂದ ಜಾರಿ ಬೀಳದಿರಲೆಂದು ಹಿಂದಿನಿಂದ ರಬ್ಬರು ಪಟ್ಟಿ ಕಟ್ಟಿತ್ತು. ಹೆಬ್ಬೆರಳು ಕೂರುವಲ್ಲಿ ಕಂದು ಕಲೆ. ಅವಳು ಕುಕ್ಕರಗಾಲಲ್ಲಿ ಕೂತಳು. ಪಟ್ಟಿ ಕೊಯ್ದಿದ್ದು ಕಾಲು ಊದಿದ್ದಕ್ಕೆ. ರಬ್ಬರು ಕಟ್ಟಿದ್ದು ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದ್ದಕ್ಕೆ. ಅಂದರೆ ಪಾದಕ್ಕೆ ಸ್ಪರ್ಶಜ್ಞಾನವೇ ಇಲ್ಲ. ಸಕ್ಕರೆ ಕಾಯಿಲೆ, ಒಳಗೆ ಹುಣ್ಣು. ಮನುಷ್ಯನ ಮುಖ ನೋಡುವ ಮೊದಲೇ ಅವನ ಕಾಯಿಲೆ ಅವಳ ಮುಂದೆ ನೆಲದ ಮೇಲೆ ಬಿದ್ದಿತ್ತು.

ಅವಳು ಎದ್ದು ಸಾಲಿನುದ್ದಕ್ಕೂ ನಡೆದಳು, ಆಮೇಲೆ ಓಡಿದಳು. ಹದಿನೇಳನೆಯದಕ್ಕೂ ರಬ್ಬರು. ಐವತ್ತೆರಡನೆಯದು ಒಂದೇ ಕಡೆ ಸವೆದಿದೆ. ಐವತ್ತೆಂಟರಲ್ಲಿ ಒಣಗಿದ ಕೀವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಆದರೆ ಅಂಗಾಲಿನ ಹುಣ್ಣಿಗೆ ಬೇಕೇ ಬೇಕು. ಆ ಕನ್ನಡಿಯನ್ನು ಇವರು ದಿನಾ ಬೆಳಿಗ್ಗೆ ತಂದು ಬಾಗಿಲಲ್ಲಿ ಇಡುತ್ತಿದ್ದಾರೆ, ಡಾಕ್ಟರುಗಳು ದಾಟಿಕೊಂಡು ಹೋಗುತ್ತಿದ್ದಾರೆ.

“ಅಜ್ಜೀ, ಸಾಲು ಹಾಗೇ ಇರ್ಲಿ” ಎಂದು ಏದುಸಿರು ಬಿಡುತ್ತಾ ಬಂದಳು. “ಚಪ್ಪಲಿ ತೆಗೆಯೋದೇ ಬೇಡ. ಹುಣ್ಣಿನ ಚಪ್ಪಲಿಗಳು ಮುಂದಕ್ಕೆ ಹೋಗ್ಬೇಕು, ಅಷ್ಟೇ.”

“ಮುಂದಿನವ್ರು ಸುಮ್ನೆ ಬಿಡ್ತಾರಾ? ಮೂರೂವರೆಗೆ ಎದ್ದು ಬಂದವ್ರು.”

ಸುಮ್ಮನೆ ಬಿಡಲಿಲ್ಲ. ಮಾರನೆಯ ದಿನ ನಾರ್ದೋನ ಚಪ್ಪಲಿಗೆ ಕೆಂಪು ದಾರ ಕಟ್ಟಿ ಲೀಸೆಲ್ ಮುಂದಕ್ಕೆ ಒಯ್ದಾಗ ಮೀನು ಮಾರುವ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟಳು. “ಏನ್ ಡಾಕ್ಟ್ರಮ್ಮ, ನಿಮ್ಮ ಚಿಕ್ಕಪ್ಪನಾ ಅವ್ನು?”

ಚೋಲೆಂಗಜ್ಜಿ ಸೌಟು ಹಿಡಿದೇ ಬಂದು ನಾರ್ದೋಗೆ, “ಕಾಲೆತ್ತಿ ತೋರ್ಸಪ್ಪ” ಎಂದಳು. ಅವನು ನಾಚುತ್ತಾ ಎತ್ತಿದ. ಹೆಬ್ಬೆರಳು ಕಪ್ಪಾಗಿತ್ತು. ಮೀನಿನವಳು ನೋಡಿದಳು. ತನ್ನ ಚಪ್ಪಲಿಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಳು.

ಇನ್ನೊಂದು ತೊಡಕಿತ್ತು. ಕೆಂಪು ದಾರದ ಒಬ್ಬರು ಒಳಗೆ ಬಂದರೆ ನಲವತ್ತನೆಯವರೊಬ್ಬರು ಹೊರಗೆ. ಅದನ್ನು ಬಿಡಿಸಿದ್ದು ಅಜ್ಜಿಯೇ. ಹೊರಗುಳಿದವರ ಚಪ್ಪಲಿ ಅವಳ ಬೆಂಚಿನ ಕೆಳಗೆ ರಾತ್ರಿ ಇರುತ್ತದೆ, ನಾಳೆ ಸಾಲು ಅಲ್ಲಿಂದಲೇ ಶುರು. ಮನೆಗೆ ಹೋಗಲು ಅಜ್ಜಿಯ ಬುಟ್ಟಿಯಿಂದ ಹಳೆ ಚಪ್ಪಲಿ ಎರವಲು. ಒಂದು ಕಾಲಿಗೆ ಹಸಿರು, ಒಂದು ಕಾಲಿಗೆ ಹಳದಿ ಹಾಕಿಕೊಂಡು ಜೀಪ್ನಿ ಹತ್ತುವವರನ್ನು ಕಂಡರೆ ಊರಿನವರಿಗೆಲ್ಲ ಗೊತ್ತು, ನಾಳೆ ಇವರೇ ಮೊದಲು.

ನಾಲ್ಕು ವಾರ ಲೀಸೆಲ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಪ್ಪತ್ತಾರು ಹುಣ್ಣು ಸಿಕ್ಕವು. ನಾರ್ದೋನ ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಅವನು ಮತ್ತೆ ರಿಕ್ಷಾ ತುಳಿಯುತ್ತಾ ಗೇಟಿನ ಮುಂದೆ ಗಂಟೆ ಹೊಡೆದು ಹೋಗುವಾಗ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ವರದಿ ಬರೆಯಲು ಕೂತಾಗ ಲೆಕ್ಕ ಬೇರೆಯೇ ಹೇಳಿತು. ಜನ ಕಾಯುವ ಹೊತ್ತು ಕಡಿಮೆ ಮಾಡುತ್ತೇನೆ ಎಂದು ಹೊರಟವಳು ಅವಳು. ಸರಾಸರಿ ಕಾಯುವ ಹೊತ್ತು ಮೂರು ನಿಮಿಷ ಹೆಚ್ಚಾಗಿತ್ತು.

ಕೊನೆಯ ಶುಕ್ರವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಗುರುಗಳು ಬಂದರು. ಕಿಂತೋಸ್ ಮೇಡಂ ಕುಳ್ಳಗೆ, ನಿದ್ದೆಗಣ್ಣು. ಲಕ್ಸಮಾನಾ ಸಾರ್ ಎತ್ತರ, ಇಸ್ತ್ರಿ ಅಂಗಿ, ಹೊಳೆಯುವ ಕರಿ ಬೂಟು. ಚೋಲೆಂಗಜ್ಜಿ ಕಾಫಿ ಕೊಟ್ಟಳು. ಸಾರ್ ತಮಗೆ ಸಕ್ಕರೆ ಬೇಡ ಎಂದರು. ಲೀಸೆಲ್ ಗೋಡೆಗೆ ಹಾಳೆ ಅಂಟಿಸಿ ಎಲ್ಲವನ್ನೂ ಹೇಳಿದಳು. ಮೂರು ನಿಮಿಷವನ್ನೂ ಮುಚ್ಚಿಡಲಿಲ್ಲ.

“ಕಾಯುವ ಹೊತ್ತು ಕಡಿಮೆ ಮಾಡ್ತೀನಿ ಅಂದೆ, ಜಾಸ್ತಿ ಮಾಡಿದೀಯ” ಎಂದರು ಲಕ್ಸಮಾನಾ. “ಕಾಲು ಉಳಿಸಿದ್ದು ಸಂತೋಷ. ಅದು ಮೇಡಂ ವಿಷಯ.”

“ನಂದೂ ಅಲ್ಲ” ಎಂದರು ಕಿಂತೋಸ್. “ಚಪ್ಪಲಿ ನೋಡಿ ಕಾಯಿಲೆ ಹೇಳೋ ಪಾಠ ನಾವು ಮಾಡಿಲ್ಲಮ್ಮ. ಸಾಲು ನಡೆಸೋದು ಅವರ ಕಡೆಯದು.”

ಇಬ್ಬರೂ ಕೆಟ್ಟವರಲ್ಲ. ಆದರೆ ಬಾಣಲೆಯಿಂದ ಬೆಂಕಿಗೆ ಬಿದ್ದವಳಿಗೆ ಅದರಿಂದ ಏನು ಸಮಾಧಾನ?

“ಒಂದೇ ಪ್ರಶ್ನೆ” ಎಂದರು ಲಕ್ಸಮಾನಾ, ಸಾಲಿನ ಪಕ್ಕದಲ್ಲಿ ಆಚೆ ಈಚೆ ನಡೆಯುತ್ತಾ. “ಇವತ್ತು ನೀನು ಇಲ್ಲಿಂದ ಹೋಗ್ತೀಯ. ಸೋಮವಾರ ಇದನ್ನ ಯಾರು ನಡೆಸ್ತಾರೆ? ನೀನಿದ್ದಾಗ ನಡೆಯೋದು ವ್ಯವಸ್ಥೆ ಅಲ್ಲ, ಅದು ನಿನ್ನ ಉತ್ಸಾಹ ಅಷ್ಟೇ.”

ಲೀಸೆಲ್ ಉತ್ತರ ಹುಡುಕುತ್ತಾ ಹಾಳೆಗಳ ಕಡೆ ತಿರುಗಿದಳು. ಒಂದೊಂದೇ ಹಾಳೆ ಎತ್ತಿದಳು. ಯಾವುದರಲ್ಲೂ ಸೋಮವಾರ ಇರಲಿಲ್ಲ.

ಅವಳ ಬೆನ್ನ ಹಿಂದೆ ಚೋಲೆಂಗಜ್ಜಿಯ ದನಿ ಕೇಳಿಸಿತು. “ಸ್ವಾಮೀ, ನಿಮ್ಮ ಎಡಗಾಲಿನ ಬೂಟು ಸದ್ದು ಮಾಡ್ತಿದೆ.”

“ಏನು?”

“ಬಲಗಾಲು ಸುಮ್ನಿದೆ. ಎಡಗಾಲು ಟಕ್ ಅಂತಿದೆ. ಕಾಫಿಗೆ ಸಕ್ಕರೆ ಬೇಡ ಅಂದ್ರಿ. ಬಿಚ್ಚಿ ನೋಡೋಣ.”

“ನಾನು ರೋಗಿ ಅಲ್ಲಮ್ಮ.”

“ಇಲ್ಲಿ ಕೂತಿರೋರೆಲ್ಲ ಮೊದ್ಲು ಅದನ್ನೇ ಹೇಳಿದ್ದು. ಕೂತ್ಕೊಳಿ.”

ಸೌಟು ಹಿಡಿದ ಮುದುಕಿಯ ಎದುರು ಎಷ್ಟು ದೊಡ್ಡ ಮೇಷ್ಟ್ರಾದರೂ ಕೂರಲೇಬೇಕು. ಬೂಟು ಬಿಚ್ಚಿದರು. ಅಡಿಯಲ್ಲಿ ಗೋಡೆಗೆ ಕಾಗದ ಚುಚ್ಚುವ ಪಿನ್ನಿನ ತಲೆ ಹೊಳೆಯುತ್ತಿತ್ತು. ಮೊನೆ ಒಳಗೆ ಹೋಗಿತ್ತು. ಕಾಲುಚೀಲದ ಅಡಿಯೆಲ್ಲ ಒಣಗಿದ ರಕ್ತ. ಎಷ್ಟು ದಿನದಿಂದ ಅದರ ಮೇಲೆ ನಡೆಯುತ್ತಿದ್ದರೋ, ಅವರಿಗೆ ಒಂದು ಚೂರೂ ತಿಳಿದಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಕಿಂತೋಸ್ ಮೇಡಮ್ಮಿನ ನಿದ್ದೆ ಹಾರಿಹೋಯಿತು.

ಅಷ್ಟರಲ್ಲಿ ಯಾರೂ ಹೇಳದೆಯೇ ಸಾಲಿನಲ್ಲಿದ್ದ ಒಬ್ಬ ಹುಡುಗಿ ಆ ಕರಿ ಬೂಟಿಗೆ ಕೆಂಪು ದಾರ ಕಟ್ಟಿ ಸಾಲಿನ ತಲೆಗೆ ಒಯ್ದು ಇಟ್ಟಳು. ಮೊದಲನೆಯವನು ತನ್ನ ಚಪ್ಪಲಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ, ಎರಡನೆಯವಳು ಸರಿಸಿದಳು, ಹಾಗೇ ಮರದವರೆಗೂ ಸರಸರ ಸದ್ದು ಹೋಯಿತು. ಲೀಸೆಲ್ ಹಾಳೆ ಕೈಯಲ್ಲಿ ಹಿಡಿದು ನೋಡುತ್ತಾ ನಿಂತಳು. ಆ ಸದ್ದು ಅವಳಿಗೆ ಕಿವಿಯಲ್ಲಲ್ಲ, ಬೆನ್ನಮೂಳೆಯಲ್ಲಿ ಕೇಳಿಸಿತು. ಆರು ವಾರ ಚಪ್ಪಲಿ ನೋಡಿದವಳು ಅವಳು, ಆದರೆ ಇವತ್ತಿನ ಬೂಟು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಕ್ಷಣ ಅವಮಾನವಾಯಿತು. ಮರುಕ್ಷಣ ಅವಳಿಗೆ ಕೂಗಿ ಕುಣಿಯಬೇಕು ಅನ್ನಿಸುವಷ್ಟು ಸಂತೋಷವಾಯಿತು.

ನಲವತ್ತನೆಯ ಜಾಗದಲ್ಲಿದ್ದ ದಪ್ಪ ಹೆಂಗಸು ಈಗ ನಲವತ್ತೊಂದು. ಅವಳು ಕುಂಟುತ್ತಾ ಬಂದು ಚಪ್ಪಲಿಯನ್ನು ಅಜ್ಜಿಯ ಬೆಂಚಿನ ಕೆಳಗೆ ತಳ್ಳಿ, ಬುಟ್ಟಿಯಲ್ಲಿ ಎರವಲು ಜೊತೆ ಹುಡುಕತೊಡಗಿದಳು.

“ನನ್ನಿಂದ ನಿಮಗೆ ಇವತ್ತು ತಪ್ಪಿತಾ?” ಎಂದು ಕೇಳಿದರು ಲಕ್ಸಮಾನಾ. “ಬೇಡಮ್ಮ. ನಾನು ಬೇರೆ ಕಡೆ ತೋರಿಸ್ಕೋತೀನಿ, ನೀವು ಹೋಗಿ.”

“ಸುಮ್ನೆ ಕೂತ್ಕೊಳಿ ಸಾರ್” ಎಂದಳು ಅವಳು, ಬುಟ್ಟಿಯಿಂದ ತಲೆಯೆತ್ತದೆ. “ನನ್ನ ಮಂಡಿ ಇಪ್ಪತ್ತು ವರ್ಷದಿಂದ ನೋಯ್ತಾ ಇದೆ. ಸೋಮವಾರದವರೆಗೂ ನೋಯ್ಲಿ ಬಿಡಿ.”

ಕಿಂತೋಸ್ ಮೇಡಂ ನೆಲದ ಮೇಲೆ ಕೂತು ಲಕ್ಸಮಾನಾ ಸಾರ್ ಅವರ ಪಾದವನ್ನು ಮಡಿಲಲ್ಲಿಟ್ಟುಕೊಂಡು ಗಾಯ ನೋಡುತ್ತಿದ್ದರು. ಕಡೆಗೆ ಸಾರ್ ಲೀಸೆಲ್ ಕಡೆ ಕೈ ಚಾಚಿ ಸಹಿಯ ಹಾಳೆ ಕೇಳಿದರು. ತಮ್ಮ ಹೆಸರು ಬರೆದು, ಹಾಳೆಯನ್ನೂ ಪೆನ್ನನ್ನೂ ಕೆಳಗೆ ಕೂತಿದ್ದ ಮೇಡಂಗೆ ಕೊಟ್ಟರು.