ಬೋರಮ್ಮನಿಗೆ ಎರಡು ಸಲ ಓದಬೇಕು

ಬೋರಮ್ಮನ ಹೆಬ್ಬೆಟ್ಟು ಕಾಗದಕ್ಕೆ ತಾಗುವ ಮೊದಲು ಒಂದಷ್ಟು ಹೊತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ನೀಲಿ ಮಸಿ ಮೆತ್ತಿಕೊಂಡ ಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕಣ್ಣು ಮುಚ್ಚಿ, ನಾನು ಓದುವುದನ್ನು ಕೇಳುತ್ತಿದ್ದಳು. ಓದಿ ಮುಗಿಸಿ “ಹೂಂ, ಒತ್ರಿ” ಎಂದರೆ ಕಣ್ಣು ತೆರೆಯದೆಯೇ ಹೇಳುತ್ತಿದ್ದಳು:

“ಇನ್ನೊಂದ್ಸಲ ಓದ್ರಿ ಮೇಷ್ಟ್ರೇ.”

ಓದಬೇಕು. ಬೇರೆ ದಾರಿಯಿಲ್ಲ. ಅವಸರದಲ್ಲಿ ಓದಿದರೆ ಮೂರನೇ ಸಲವೂ ಆಗುತ್ತಿತ್ತು. ಆಮೇಲೆ ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದು ಹೋಗುವಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಶುರುವಿನಲ್ಲಿ ಈಕೆಯ ಹೆಸರು ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಗುಡೇಕೋಟೆಯ ಆಚೆ, ಬಂಡೆಗುಡ್ಡಗಳ ಬುಡದ ಒಂದು ಊರಿನ ಸರ್ಕಾರಿ ಶಾಲೆಗೆ ನಾನು ಮುಖ್ಯ ಶಿಕ್ಷಕ. ಶಾಲೆಯ ಉಸ್ತುವಾರಿಗೆ ಮಕ್ಕಳ ತಂದೆತಾಯಿಯರದೇ ಒಂದು ಸಮಿತಿ ಇರುತ್ತದೆ, ಎಸ್‌ಡಿಎಂಸಿ ಅಂತ. ಅಧ್ಯಕ್ಷರೂ ಅವರಲ್ಲೇ ಒಬ್ಬರು. ಮಗು ಶಾಲೆ ಬಿಟ್ಟ ದಿನ ಆ ಪಾಲಕರ ಸದಸ್ಯತ್ವವೂ ಮುಗಿಯಿತು. ಕಾನೂನು ಇಷ್ಟು ಚೆನ್ನಾಗಿದ್ದರೂ ನಮ್ಮ ಸಭೆಗಳು ನಡೆಯುತ್ತಿದ್ದುದು ನನ್ನ ಸ್ಕೂಟರಿನ ಮೇಲೆ. ನಡಾವಳಿ ಪುಸ್ತಕದಲ್ಲಿ ಎಲ್ಲವನ್ನೂ ನಾನೇ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಒಬ್ಬರು ಎಮ್ಮೆಗೆ ನೀರು ಕುಡಿಸುತ್ತಾ ಸಹಿ ಹಾಕುವರು, ಇನ್ನೊಬ್ಬರು ಬೀಡಿ ಕಚ್ಚಿಕೊಂಡು. ಯಾರೂ ಓದುತ್ತಿರಲಿಲ್ಲ. ಓದಿ ಅಂತ ನಾನೂ ಹೇಳುತ್ತಿರಲಿಲ್ಲ.

ಒಂದು ಸಲ ಹೊಸ ಸಮಿತಿ ಆಗುವಾಗ ಹೆಣ್ಣುಮಗಳೊಬ್ಬಳನ್ನು ಅಧ್ಯಕ್ಷೆ ಮಾಡೋಣ ಎಂದಾಯಿತು. “ಬೋರಮ್ಮ ಇರಲಿ ಬಿಡ್ರಿ. ಆಡು ಕಾಯೋದು ಬಿಟ್ರ ಆಕಿಗೇನು ಗೊತ್ತೈತಿ?” ಎಂದು ಗಂಡಸರೆಲ್ಲ ಒಪ್ಪಿದರು. ಹೆಬ್ಬೆಟ್ಟಿನ ಹೆಂಗಸು, ತಕರಾರಿಲ್ಲ ಎಂದು ನಾನೂ ಒಳಗೊಳಗೇ ಖುಷಿಪಟ್ಟೆ. ಎಂಥಾ ಅಂದಾಜು ನಮ್ಮದು!

ಮೊದಲ ತಿಂಗಳು ಸ್ಕೂಟರ್ ಅವಳ ಹಟ್ಟಿಯ ಮುಂದೆ ನಿಲ್ಲಿಸಿ ಪುಸ್ತಕ ಚಾಚಿದೆ.

“ಸಭಿ ಯಾವಾಗ ಆತ್ರಿ?” ಎಂದಳು.

“ಆತು ಅಂತ ತಿಳ್ಕೊಳ್ರಿ ಅಮ್ಮಾ. ಒಂದು ಹೆಬ್ಬೆಟ್ಟು ಒತ್ರಿ ಸಾಕು.”

“ಆಗಲಾರದ್ದನ್ನ ಆತು ಅಂತ ಹೆಂಗ ತಿಳ್ಕೊಳ್ಳೋದ್ರಿ? ಸಾಲಿಗೆ ಕರೀರಿ, ಬರ್ತೀವಿ.”

ಕರೆದೆ. ಶನಿವಾರ ಬಂದಳು, ಜೊತೆಗೆ ಗಂಡ ತಿಪ್ಪೇಶಿ. ಅವನು ಸೀದಾ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತ. ನಮ್ಮ ಕಡೆ ಅದೇ ರೂಢಿ: ಹೆಂಡತಿ ಗೆದ್ದರೆ ಗಂಡನಿಗೆ ಕುರ್ಚಿ. ಬೋರಮ್ಮ ಅವನೆದುರು ನಿಂತು ಮೆಲ್ಲಗೆ ಹೇಳಿದಳು: “ಆಡು ಇನ್ನಾ ಹಟ್ಟ್ಯಾಗ ಅದಾವು. ಹೋಗಿ ಬಿಟ್ಟು ಬಾ. ಇಲ್ಲಿ ನನ್ನ ಕರದಾರ.” ತಿಪ್ಪೇಶಿ ನಮ್ಮೆಲ್ಲರ ಮುಖ ನೋಡಿದ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ನಾನು ನಡಾವಳಿ ಓದಿದೆ. ಅದರಲ್ಲಿ ಪ್ರತಿ ತಿಂಗಳೂ ಬರೆಯುತ್ತಿದ್ದ ಸಾಲೊಂದಿತ್ತು: ‘ಪಾಲಕರು ಮಕ್ಕಳ ಕಲಿಕೆಯನ್ನು ಪರಿಶೀಲಿಸಿ ತೃಪ್ತಿ ವ್ಯಕ್ತಪಡಿಸಿದರು.’ ಯಾರೂ ಪರಿಶೀಲಿಸಿರಲಿಲ್ಲವಲ್ಲ, ಓದಲು ಸಂಕೋಚವಾಗಿ ಅದೊಂದನ್ನು ಹಾರಿಸಿಬಿಟ್ಟೆ. “ಇನ್ನೊಂದ್ಸಲ ಓದ್ರಿ” ಎಂದಳು. ಎರಡನೇ ಸಲ ಮೈಮರೆತು ಅದನ್ನೂ ಓದಿದೆ. ಬೋರಮ್ಮನ ಕಣ್ಣು ತಟ್ಟನೆ ತೆರೆಯಿತು.

“ಮೊದಲನೇ ಸಲ ಈ ಮಾತು ಇರಲಿಲ್ಲಲ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಕನ್ನಡಕ ಮುಟ್ಟಿಕೊಂಡೆ. “ಅದು ಯಾವಾಗ್ಲೂ ಬರಿಯೋ ಮಾತು ಅಮ್ಮಾ...”

“ತೃಪ್ತಿ ಯಾರಿಗೆ ಆಗೇತ್ರಿ? ನನಗಂತೂ ಆಗಿಲ್ಲ. ನನ್ನ ಮಗಳು ಸುಜಾತ ಐದನೇತ್ತ ಅದಾಳ. ಆಕಿಗೆ ಓದಾಕ ಬರಂಗಿಲ್ಲ.”

ನನ್ನ ಕೋಪ ನೆತ್ತಿಗೇರಿತು. “ನಿಮಗ ಅಕ್ಷರಾನ ಗೊತ್ತಿಲ್ಲ. ಆಕಿಗೆ ಓದಾಕ ಬರತೈತೋ ಇಲ್ಲೋ ನಿಮಗ ಹೆಂಗ ತಿಳೀತು?” ಎಂದು ಎಲ್ಲರೆದುರು ಅಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಚೀಲದಿಂದ ಮಗಳ ಕನ್ನಡ ಪುಸ್ತಕ ತೆಗೆದಳು. ಒಂದು ಪುಟದ ಮೂಲೆಯಲ್ಲಿ ಕುಂಕುಮದ ಬೊಟ್ಟು ಇತ್ತು.

“ನೋಡ್ರಿ, ಗುರುತಿಗೆ ನಾನೇ ಹಚ್ಚೀನಿ. ಸೋಮವಾರ ಓದು ಅಂದೆ. ಗಿಣಿ ಪ್ಯಾರಲಕಾಯಿ ತಿಂತು, ಹಾಡು ಹೇಳ್ತು ಅಂತ ಓದಿದ್ಲು. ಗುರುವಾರ ಇದೇ ಹಾಳಿ ತಗದು ಓದು ಅಂದೆ. ಗಿಣಿ ಹೊಳಿ ದಾಟಿ ಅವರವ್ವನ ಊರಿಗೆ ಹೋತು ಅಂದ್ಲು. ಅಚ್ಚಾಗಿ ಕುಂತ ಗಿಣಿ ಎಲ್ಲಿಗ್ರಿ ಹೋಗತೈತಿ? ನಿಜವಾಗಿ ಓದಿದ್ರ ಎರಡು ಸಲನೂ ಒಂದೇ ಬರಬೇಕಲ್ರಿ?”

ಸುಜಾತಳನ್ನು ಕರೆದು ಪುಸ್ತಕ ಕೊಟ್ಟೆ. ಹುಡುಗಿ ಚಿತ್ರ ನೋಡಿ ಕಥೆ ಕಟ್ಟಿ ಹೇಳಿತು, ಚಂದದ ಕಥೆಯೇ. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿದೆ. ಬಾಯಿ ಕಟ್ಟಿತು, ಕಣ್ಣಲ್ಲಿ ನೀರು ಬಂತು. ಮಿಕ್ಕ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ನೋಡಿದೆ. ಅರ್ಧ ತರಗತಿಯದೂ ಅದೇ ಹಣೆಬರಹ. ಐದನೇ ತರಗತಿಗೆ ಕನ್ನಡ ಕಲಿಸುತ್ತಿದ್ದವನು ಯಾರು ಅಂತೀರಿ? ನಾನೇ.

ಬೋರಮ್ಮ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕುಳಿತೆ. ಅವಳು ಅಂದದ್ದು ಇಷ್ಟೇ: “ಆದದ್ದಾತು. ಏಳನೇತ್ತ ಮುಗಿಸಿ ಹೋಗೋದ್ರೊಳಗ ಆಕಿ ಓದಬೇಕ್ರಿ, ಅಷ್ಟ ನನಗ ಬೇಕಾದ್ದು. ಸಾಲ್ಯಾಗ ನೀವು ಕಲಸ್ರಿ, ಮನ್ಯಾಗ ನಾ ಕುಂದ್ರಸ್ತೀನಿ. ಎತ್ತು ಏರಿಗೆ, ಕೋಣ ನೀರಿಗೆ ಎಳದ್ರ ಬಂಡಿ ಮುಂದ ಹೋಗಂಗಿಲ್ಲ.” ನಾನು ತೃಪ್ತಿಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಆಮೇಲೆಯೇ ಹೆಬ್ಬೆಟ್ಟು ಬಿತ್ತು.

ಅಂದಿನಿಂದ ಪ್ರತಿ ದಿನ ಕೊನೆಯ ಗಂಟೆ ಅಕ್ಷರ, ಕಾಗುಣಿತ, ಒತ್ತಕ್ಷರ. ಬೋರಮ್ಮ ಸುಮ್ಮನಿರಲಿಲ್ಲ, ಆಡು ಹೊಡೆದುಕೊಂಡು ಹೋಗುವಾಗ ಒಂದೊಂದೇ ಬಾಗಿಲಲ್ಲಿ ನಿಂತು ಓದು ಬಾರದ ತಾಯಂದಿರಿಗೆಲ್ಲ ತನ್ನ ಉಪಾಯ ಕಲಿಸಿದಳು. ತಿಂಗಳೊಳಗೆ ನಮ್ಮ ಮಕ್ಕಳ ಪುಸ್ತಕಗಳ ತುಂಬ ಕುಂಕುಮ, ಅರಿಸಿನ, ಒಬ್ಬಳದರಲ್ಲಂತೂ ಚಹಾದ ಕಲೆ. ಸರ್ಕಾರ ಕೊಟ್ಟ ಪುಸ್ತಕ ಹೊಲಸು ಮಾಡಿದ್ದೀರಿ ಎಂದು ನಾನು ಯಾರನ್ನೂ ಗದರಲಿಲ್ಲ.

ಹಾಗಂತ ಅವಳೇನು ದೇವತೆಯಲ್ಲ. ಮರುವರ್ಷ ಉಳ್ಳಾಗಡ್ಡಿ ಸುಗ್ಗಿಯಲ್ಲಿ ಸುಜಾತ ಹನ್ನೆರಡು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಿದರೆ ತಾಯಿಯ ಜೊತೆ ಕೂಲಿಗೆ ಹೋಗಿದ್ದಾಳೆ. ಸುಳ್ಳೇಕೆ ಹೇಳಲಿ, ನನಗೆ ಒಳಗೇ ಹಿಗ್ಗು. ಹಾಜರಿ ಪುಸ್ತಕ ಹಿಡಿದು ಹೊಲಕ್ಕೇ ಹೋದೆ. ಬೋರಮ್ಮ ಕುಡಗೋಲು ಹಿಡಿದು ಉಳ್ಳಾಗಡ್ಡಿ ಕೊಯ್ಯುತ್ತಿದ್ದಳು. ಪಕ್ಕದಲ್ಲಿ ಮಗಳು.

“ಕೇಳೋ ಹಕ್ಕು ನಿಮ್ಮದು, ಕಳಿಸೋ ಹೊಣಿ ಯಾರದ್ರಿ ಅಧ್ಯಕ್ಷರೇ?” ಎಂದು ಕೇಳಿ, ಗಟ್ಟಿಯಾಗಿ ಓದಿದೆ: “ಸುಜಾತ, ಗೈರು. ಗೈರು. ಗೈರು...” ಹನ್ನೆರಡು ಸಲ. ಅಂದು ಮಾತ್ರ ಅವಳು ಇನ್ನೊಂದ್ಸಲ ಓದ್ರಿ ಎನ್ನಲಿಲ್ಲ. ಮಗಳ ಕೈಯಿಂದ ಕುಡಗೋಲು ಇಸಿದುಕೊಂಡಳು, ಅಷ್ಟೇ.

ಮುಂದಿನ ಸಭೆಯಲ್ಲಿ ಎಲ್ಲರೂ ಕುಳಿತ ಮೇಲೆ ಅಂದಳು: “ಬರೀರಿ. ಅಧ್ಯಕ್ಷಿ ಮಗಳು ಹನ್ನೆರಡು ದಿನ ಸಾಲಿ ತಪ್ಪಿಸ್ಯಾಳ. ತಪ್ಪು ತಾಯಿದು.”

“ಹೋಗ್ಲಿ ಬಿಡ್ರಿ ಅಮ್ಮಾ, ಅದನ್ನೆಲ್ಲ ಯಾಕ ಬರಿಯೋದು?”

“ನಿಮ್ಮ ತಪ್ಪು ಸಿಕ್ಕಾಗ ನಾ ಬಿಟ್ಟಿದ್ನೇನ್ರಿ?”

ಬರೆದೆ. ಎರಡು ಸಲ ಓದಿದೆ. ಎರಡೂ ಸಲ ಒಂದೇ ಇತ್ತು. ತನ್ನ ತಪ್ಪಿನ ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದ ರೀತಿ ನೋಡಿ, ಹೊಲದಲ್ಲಿ ಹಿಗ್ಗಿದ್ದ ನನ್ನ ಮನಸ್ಸು ಕುಗ್ಗಿಹೋಯಿತು. ಆ ಸುಗ್ಗಿಯಲ್ಲಿ ಉಳಿದ ಮಕ್ಕಳೂ ಹೊಲ ಬಿಟ್ಟು ಶಾಲೆಗೆ ಬಂದರು. ಅಧ್ಯಕ್ಷಿಯೇ ತಪ್ಪು ಬರೆಸಿಕೊಂಡ ಮೇಲೆ ಮಿಕ್ಕವರು ಏನು ನೆಪ ಹೇಳಿಯಾರು?

ಈಗ ಹೊಸ ಸಮಿತಿ ಬಂದಿದೆ. ಹೊಸ ಅಧ್ಯಕ್ಷರು ಓದಿದವರು, ಪೆನ್ನು ಜೇಬಿನಲ್ಲೇ ಇರುತ್ತದೆ, “ಎಲ್ಲಿ ಸಹಿ ಹಾಕ್ಲಿ ಸಾರ್?” ಎನ್ನುತ್ತಾರೆ. ತಡೀರಿ ಎಂದು ನಾನೇ ಎರಡು ಸಲ ಓದುತ್ತೇನೆ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ಅವರು ನಗುತ್ತಾರೆ. ನಕ್ಕರೆ ನಗಲಿ. ಓದುವಾಗ ಬೋರಮ್ಮ ಕೂರುತ್ತಿದ್ದ ಕುರ್ಚಿಯ ಕಡೆ ಕಣ್ಣು ಹೋಗುತ್ತದೆ.

ಬೋರಮ್ಮ ಕೊನೆಯ ಸಲ ಶಾಲೆಗೆ ಬಂದದ್ದು ಸುಜಾತಳನ್ನು ಕರೆದುಕೊಂಡು, ಅವಳ ಟಿ.ಸಿ. ಒಯ್ಯಲು. ಏಳನೇ ತರಗತಿ ಮುಗಿದಿತ್ತು, ಮಗಳು ಗುಡೇಕೋಟೆಯ ಹೈಸ್ಕೂಲಿಗೆ ಹೊರಟಿದ್ದಳು. “ಇವತ್ತಿಗೆ ನನ್ನ ಅಧಿಕಾರ ಮುಗೀತಲ್ರಿ” ಎಂದು ನಕ್ಕಳು. ಟಿ.ಸಿ. ತುಂಬಿ ಓದಿ ಹೇಳಿದೆ: ಹೆಸರು, ತಂದೆಯ ಹೆಸರು ತಿಪ್ಪೇಶಿ, ತಾಯಿಯ ಹೆಸರು ಬೋರಮ್ಮ, ಹುಟ್ಟಿದ ದಿನ, ನಡತೆ ಉತ್ತಮ. ಅವಳು ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದ್ಸಲ ಓದಲು ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಾಗದ ತೆಗೆದು ಮಗಳ ಕೈಗೆ ಕೊಟ್ಟಳು.

“ಎರಡನೇದು ನೀ ಓದು” ಎಂದು ಮತ್ತೆ ಕಣ್ಣು ಮುಚ್ಚಿದಳು.

ಸುಜಾತ ತಡವರಿಸದೆ ಓದಿದಳು. ಹೆಸರು. ತಂದೆಯ ಹೆಸರು. “ತಾಯಿಯ ಹೆಸರು...” ಎಂದು ನಿಂತಳು. ನನ್ನ ಮುಖ ನೋಡಿದಳು.

“ಏನವಾ?” ಎಂದೆ.

“ಇಲ್ಲಿ ಏನೂ ಬರದಿಲ್ರಿ ಸಾರ್. ಖಾಲಿ ಐತಿ.”

ಇಸಿದುಕೊಂಡು ನೋಡಿದೆ. ಹೌದು! ಬರೆಯುವುದು ಮರೆತು, ಗೊತ್ತಿದ್ದ ಹೆಸರನ್ನು ಬಾಯಿಗೆ ಬಂದ ಹಾಗೆ ಓದಿಬಿಟ್ಟಿದ್ದೆ.

ಬೋರಮ್ಮನ ಕಣ್ಣು ತೆರೆದವು. “ಮೇಷ್ಟ್ರೇ, ನೀವು ಓದಿದ್ದನ್ನ ಆಕಿ ಓದಲಿಲ್ಲ! ಇದ್ದದ್ದನ್ನ ಓದ್ಯಾಳ! ಇದ್ದದ್ದನ್ನಷ್ಟ ಓದ್ಯಾಳ್ರಿ!” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಹಾಗೇ ಅತ್ತಳು. ನನ್ನ ತಪ್ಪಿಗೆ ಇಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಖಾಲಿ ಜಾಗದಲ್ಲಿ ‘ಬೋರಮ್ಮ’ ಎಂದು ಬರೆದೆ. ಸುಜಾತ ಬಗ್ಗಿ ನೋಡಿ ತಲೆಯಾಡಿಸಿದಳು. ನಾನು ಓದಲು ಬಾಯಿ ತೆರೆದೆ.

“ಬ್ಯಾಡ ಬಿಡ್ರಿ. ಆಕಿ ನೋಡ್ಯಾಳ” ಎಂದು ಬೋರಮ್ಮ ಮಸಿಗೆ ಬೆರಳು ಅದ್ದಿದಳು. ಹೆಬ್ಬೆಟ್ಟು ಅಂದು ಗಾಳಿಯಲ್ಲಿ ನಿಲ್ಲಲಿಲ್ಲ, ಸೀದಾ ಕಾಗದಕ್ಕೆ ಬಂತು.