ಚರಂಡಿಗೆ ಬಿದ್ದ ಹಿತ್ತಾಳೆ ಬಿಲ್ಲೆ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಹೈದರಾಬಾದಿನ ಬಾಲಾನಗರದ ನಮ್ಮ ಮನೆ ನಡೆಯುತ್ತಿದ್ದದ್ದು ಕಾರ್ಖಾನೆಯ ಸೈರನ್ ಕೇಳಿಕೊಂಡು. ಮೊದಲ ಸೈರನ್ ಕೂಗಿದರೆ ಅಪ್ಪ ಕೆಲಸಕ್ಕೆ ಹೊರಡಬೇಕು. ಎರಡನೆಯದು ಕೂಗುವುದರೊಳಗೆ ತಮ್ಮ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಗೇಟಿನ ಹಲಗೆಗೆ ತೂಗುಹಾಕಬೇಕು. ಬಿಲ್ಲೆ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರ ತಮ್ಮ, ನಮ್ಮ ಕಾಕಾ, ಮನೆಯಲ್ಲಿದ್ದಾರೋ ಇಲ್ಲವೋ ಎಂಬಷ್ಟು ಮೆತ್ತಗಿನ ಮನುಷ್ಯ.

ಒಂದು ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ನಾನು ಆ ಬಿಲ್ಲೆ ಎತ್ತಿಕೊಂಡು ಬೀದಿಯಲ್ಲಿ ಕುಂಟಾಬಿಲ್ಲೆ ಆಡಿದೆ. ಹೆಂಚಿನ ಚೂರಿಗಿಂತ ಎಷ್ಟು ಚೆನ್ನಾಗಿ ಜಾರುತ್ತಿತ್ತು ಗೊತ್ತೇ! ಜಾರಿ ಜಾರಿ ಚರಂಡಿಗೇ ಬಿತ್ತು. ನಾನು ಚರಂಡಿಯ ಅಂಚಿನಲ್ಲಿ ಬಗ್ಗಿ ಇಣುಕಿದೆ.

ಕಾಕಾ ಬುತ್ತಿ ಹಿಡಿದು ಪಟಾನ್‌ಚೆರುವಿನ ಕೆಲಸಕ್ಕೆ ಹೊರಟಿದ್ದರು. ನನ್ನ ಮುಖ ನೋಡಿದರು, ಚರಂಡಿ ನೋಡಿದರು. ಇಸ್ತ್ರಿ ಅಂಗಿಯ ತೋಳು ಮಡಚಿ, ಮಂಡಿಯೂರಿ, ನಾರುವ ಕಪ್ಪು ನೀರಿಗೆ ಕೈ ಹಾಕಿದರು. ಅಷ್ಟರಲ್ಲಿ ಅವರ ಬಸ್ಸು ಮೂಲೆಯಲ್ಲಿ ನಿಂತು ಹಾರನ್ ಹೊಡೆಯಿತು.

"ಕಾಕಾ, ಬಸ್!" ಎಂದೆ.

"ಹೋಗ್ಲಿ ಬಿಡಪಾ," ಎಂದರು, ತಲೆ ಎತ್ತದೆ.

ಬಿಲ್ಲೆ ಸಿಕ್ಕಿತು. ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಅಪ್ಪನ ಅಂಗಿಯ ಜೇಬಿಗೆ ಹಾಕುವುದಕ್ಕೂ ಮೊದಲ ಸೈರನ್ ಕೂಗುವುದಕ್ಕೂ ಸರಿಹೋಯಿತು.

ಅಪ್ಪ ಬಿಲ್ಲೆ ತೆಗೆದು ನೋಡಿದರು. "ಇದ್ಯಾಕೋ ಇವತ್ತ ಭಾಳ ಮಿಂಚಾಕತ್ತೈತಿ?"

"ತಿಕ್ಕೀನಿ ಅಣ್ಣಾ," ಎಂದರು ಕಾಕಾ.

"ನಿನ್ನ ಬಸ್ ಹೋತಲ್ಲೋ, ಹುಚ್ಚಾ!" ಎಂದು ಬೈಯುತ್ತಲೇ ಅಪ್ಪ ಓಡಿದರು. ಕಾಕಾ ನನ್ನ ಕಡೆ ತಿರುಗಿ ನಕ್ಕರು, ಅಷ್ಟೇ.

ಅದನ್ನು ಅವರು ಯಾರಿಗೂ ಹೇಳಲಿಲ್ಲ. ನಾನು ಕಾಲೇಜು ಸೇರುವ ಹೊತ್ತಿಗೆ ಕಾಯಿಲೆ ಬಿದ್ದು ತೀರಿಕೊಂಡರು. ಅಂದು ನಾನೇ ಅಳುತ್ತಾ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. "ಅಂವ ಹಂಗ ಇದ್ದ," ಎಂದು ನನ್ನ ಕೈ ಹಿಡಿದುಕೊಂಡರು. ಅಂಥ ಕಾಕಾ ಸಿಕ್ಕಿದ್ದು ನನ್ನ ಪುಣ್ಯ.

ಈಗ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೈರನ್ ಕೇಳಿಸುವುದಿಲ್ಲ. ನಿಮ್ಮಪ್ಪ ಕಾರ್ಡ್ ತೋರಿಸಿದರೆ ಸಾಕು, ಮೆಟ್ರೋ ಗೇಟು ತೆರೆಯುತ್ತದೆ. ಮೊನ್ನೆ ನೀವು ಅದೇ ಕಾರ್ಡ್ ಹಿಡಿದು ಆಟ ಆಡಿ ಎಲ್ಲೋ ಕಳೆದಿರಿ. ಅಜ್ಜ ಬೈಯದೆ, ನೋಯುವ ಮಂಡಿ ಊರಿ ಸೋಫಾದ ಕೆಳಗೆ ಯಾಕೆ ತಡಕಾಡಿದ ಎಂದು ಕೇಳಿದಿರಲ್ಲ, ಇದಕ್ಕೇ. ಕಾರ್ಡ್ ಸಿಕ್ಕಾಗ ನಿಮ್ಮ ಕಡೆ ತಿರುಗಿ ನಕ್ಕೆನಲ್ಲ, ಮಕ್ಕಳೇ, ಆ ನಗು ನಮ್ಮ ಕಾಕಾನದು.